ಆಯ್ಕೆಯೇ ಕಡತದ ಹೆಸರನ್ನು ನುಂಗುತ್ತಿದೆ: ಪೈಥಾನ್ ಪ್ರೋಗ್ರಾಮಿಗೆ ಕಮಾಂಡ್ ಲೈನ್ ವ್ಯವಸ್ಥೆ ಹೇಗಿರಬೇಕು?

ಪ್ರಶ್ನೆ: ತೋಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಅಡಿಕೆ ವಖಾರಿಯ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಪ್ರತಿದಿನದ ಟೆಂಡರಿನಲ್ಲಿ ಬಂದ ಧಾರಣೆಯನ್ನು ತಿಂಗಳಿಗೊಂದು ಕಡತದಲ್ಲಿ ಬರೆದಿಡುತ್ತೇವೆ. ಆ ಕಡತಗಳನ್ನು ಓದಿ, ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪು ಗೋಟು ಹೀಗೆ ಬಗೆವಾರು ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ಬೆಲೆಯನ್ನು ತೋರಿಸುವ ‘ಧಾರಣೆ’ ಎಂಬ ಸಣ್ಣ ಪ್ರೋಗ್ರಾಮನ್ನು ಪೈಥಾನಿನಲ್ಲಿ ಬರೆದಿದ್ದೇನೆ. ಇಷ್ಟು ದಿನ ಯಾವ ಕಡತ, ಯಾವ ಬಗೆ ಎಂಬುದನ್ನು ಪ್ರೋಗ್ರಾಮಿನ ಒಳಗೇ ತಿದ್ದಿ ಓಡಿಸುತ್ತಿದ್ದೆ. ಈಗ ಸಿದ್ದಾಪುರ ಮತ್ತು ಯಲ್ಲಾಪುರದ ಶಾಖೆಯವರೂ ಇದನ್ನು ಬಳಸಬೇಕೆಂದು ಕೇಳುತ್ತಿರುವುದರಿಂದ, ಎಲ್ಲವನ್ನೂ ಕಮಾಂಡ್ ಲೈನಿನಲ್ಲೇ (ಪ್ರೋಗ್ರಾಮನ್ನು ಓಡಿಸಲು ಟೈಪ್ ಮಾಡುವ ಸಾಲಿನಲ್ಲೇ) ಕೊಡುವಂತೆ, ಆ ಸಾಲನ್ನು ವಿಂಗಡಿಸಿ ಕೊಡುವ ಪೈಥಾನಿನ ಮಾಡ್ಯೂಲಾದ ಆರ್ಗ್‌ಪಾರ್ಸ್ ಬಳಸಿ ಬದಲಾಯಿಸಿದ್ದೇನೆ. ಬಳಸುವವರೆಲ್ಲ ಕನ್ನಡದಲ್ಲೇ ಟೈಪ್ ಮಾಡುವವರಾದ್ದರಿಂದ ಆಯ್ಕೆಗಳ ಹೆಸರನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ.

ತೊಡಕುಗಳು ಇವು. ಮೊದಲನೆಯದಾಗಿ, ಒಂದಕ್ಕಿಂತ ಹೆಚ್ಚು ಬಗೆಗಳನ್ನು ಕೊಡಲು ಅನುಕೂಲವಾಗಲೆಂದು ಬಗೆ ಎಂಬ ಆಯ್ಕೆಗೆ, ಅದರ ಮುಂದೆ ಎಷ್ಟು ಪದ ಬರಬಹುದೆಂದು ಹೇಳುವ ‘ಎನ್‌ಆರ್ಗ್ಸ್’ ಜಾಗದಲ್ಲಿ ಕೂಡು ಚಿಹ್ನೆಯನ್ನು ಕೊಟ್ಟಿದ್ದೇನೆ. ಕೆಳಗಿನಂತೆ ಬರೆದರೆ ‘ಕಡತ ಬೇಕೇ ಬೇಕು’ ಎಂಬ ಎರರ್ ಬರುತ್ತದೆ, ಕಡತದ ಹೆಸರು ಎದುರಿಗೇ ಇದ್ದರೂ:

    ಧಾರಣೆ --ಬಗೆ ರಾಶಿ ಚಾಲಿ ಪಟ್ಟಿ-03

ಎರಡನೆಯದಾಗಿ, ನಮ್ಮ ಕಡತಗಳಲ್ಲಿ ಕೆಂಪು ಗೋಟು ಎಂಬುದನ್ನು ನಡುವೆ ಜಾಗ ಬಿಟ್ಟೇ ಬರೆಯುತ್ತಾ ಬಂದಿದ್ದೇವೆ. ಅದನ್ನು ಕೊಟ್ಟರೆ ಪ್ರೋಗ್ರಾಮು ಕೆಂಪು ಎಂಬ ಒಂದು ಬಗೆಯನ್ನೂ ಗೋಟು ಎಂಬ ಇನ್ನೊಂದು ಬಗೆಯನ್ನೂ ಹುಡುಕುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟಾಗ ನನ್ನ ಲಿನಕ್ಸ್ ಯಂತ್ರದಲ್ಲಿ ಸರಿಯಾಯಿತು. ಆದರೆ ಸಿದ್ದಾಪುರದ ವಿಂಡೋಸ್ ಯಂತ್ರದಲ್ಲಿ ಅದೇ ಸಾಲು ಕೆಲಸ ಮಾಡಲಿಲ್ಲ. ಮೂರನೆಯದಾಗಿ, ನಾನು ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಯಲ್ಲಾಪುರದವರು ಹಾಗೆಯೇ ನಕಲಿಸಿ ಅಂಟಿಸಿದರೆ ಆಯ್ಕೆಯನ್ನು ಗುರುತಿಸಲಾಗಲಿಲ್ಲ ಎನ್ನುತ್ತದೆ, ಕಣ್ಣಿಗೆ ಮಾತ್ರ ಸಾಲು ಸರಿಯಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಆದಮೇಲೆ ಆರ್ಗ್‌ಪಾರ್ಸ್ ಬಿಟ್ಟು, ಟೈಪ್ ಮಾಡಿದ ಸಾಲಿನ ತುಂಡುಗಳಿರುವ ಸಿಸ್.ಆರ್ಗ್‌ವಿ ಪಟ್ಟಿಯನ್ನು ನಾನೇ ಒಂದೊಂದಾಗಿ ಓದಿಕೊಳ್ಳುವುದು ಲೇಸೇ ಎಂಬ ಯೋಚನೆ ಬಂದಿದೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ: ಕಡಲತಡಿ, ಕಾರವಾರ

ಆರ್ಗ್‌ಪಾರ್ಸನ್ನು ಬಿಡಬೇಡಿ. ನೀವು ಹೇಳಿದ ಮೂರು ತೊಡಕುಗಳಲ್ಲಿ ಎರಡಕ್ಕೆ ಅದು ಕಾರಣವೇ ಅಲ್ಲ, ನೀವೇ ಕೈಯಿಂದ ಬರೆದರೂ ಆ ಎರಡು ಹಾಗೆಯೇ ಉಳಿಯುತ್ತವೆ.

ಟರ್ಮಿನಲ್ಲಿನಲ್ಲಿ ಬರೆದ ಸಾಲು ನಿಮ್ಮ ಪ್ರೋಗ್ರಾಮಿಗೆ ನೇರವಾಗಿ ತಲುಪುವುದಿಲ್ಲ. ಲಿನಕ್ಸಿನಲ್ಲಿ ಮೊದಲು ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮು) ಅದನ್ನು ಓದಿ, ಜಾಗ ಇರುವಲ್ಲಿ ಕತ್ತರಿಸಿ, ಉದ್ಧರಣ ಚಿಹ್ನೆಗಳೊಳಗಿನದನ್ನು ಒಂದೇ ತುಂಡಾಗಿ ಉಳಿಸಿ, ನಕ್ಷತ್ರ ಚಿಹ್ನೆ ಇದ್ದರೆ ಅದಕ್ಕೆ ಹೊಂದುವ ಕಡತಗಳ ಹೆಸರುಗಳನ್ನು ಅಲ್ಲೇ ಬಿಡಿಸಿ ಬರೆದು, ಉದ್ಧರಣ ಚಿಹ್ನೆಗಳನ್ನು ತೆಗೆದುಹಾಕಿ, ಕೊನೆಗೆ ಸಿದ್ಧವಾದ ತುಂಡುಗಳ ಪಟ್ಟಿಯನ್ನಷ್ಟೇ ಪ್ರೋಗ್ರಾಮಿಗೆ ದಾಟಿಸುತ್ತದೆ. ಸಿ ಭಾಷೆಯಲ್ಲಿ ಆರ್ಗ್‌ಸಿ ಮತ್ತು ಆರ್ಗ್‌ವಿ ಎಂದು ಕರೆಯುವುದು ಇದನ್ನೇ, ಪೈಥಾನಿನ ಸಿಸ್.ಆರ್ಗ್‌ವಿಯೂ ಅದೇ. ಯಾವ ತುಂಡು ಆಯ್ಕೆ, ಯಾವುದು ಆ ಆಯ್ಕೆಯ ಬೆಲೆ (ಅಡಿಕೆಯ ದರವಲ್ಲ, ಆಯ್ಕೆಗೆ ಕೊಟ್ಟ ಮೌಲ್ಯ), ಯಾವುದು ಕಡತದ ಹೆಸರಿನಂತಹ ಬಿಡಿ ಆರ್ಗ್ಯುಮೆಂಟ್ ಎಂಬ ವಿಂಗಡಣೆ ಅದಾದಮೇಲೆ ಪ್ರೋಗ್ರಾಮಿನೊಳಗೆ ನಡೆಯುವ ಕೆಲಸ. ಸಾಲಿನಲ್ಲಿ ಏನೋ ಎಡವಟ್ಟಾದಾಗ ಅದು ಕತ್ತರಿಸುವಾಗ ಆಯಿತೇ, ವಿಂಗಡಿಸುವಾಗ ಆಯಿತೇ ಎಂದು ಮೊದಲು ಕೇಳಿಕೊಳ್ಳಬೇಕು. ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅದನ್ನು ತಿಳಿಯುವ ಉಪಾಯ ಸುಲಭ. ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಸಿಸ್.ಆರ್ಗ್‌ವಿ ಪಟ್ಟಿಯನ್ನು ಹಾಗೆಯೇ ಮುದ್ರಿಸಿ ನೋಡಿ. ನಿಮ್ಮ ಎರಡನೆಯ ತೊಡಕಿನ ಸಾಲನ್ನು ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟರೆ ಹೀಗೆ ಕಾಣುತ್ತದೆ:

    ['ಧಾರಣೆ', 'ಪಟ್ಟಿ-03', '--ಬಗೆ', 'ಕೆಂಪು', 'ಗೋಟು']

ಇಲ್ಲಿ ಕೆಂಪು ಮತ್ತು ಗೋಟು ಒಂದೇ ಹೆಸರಾಗಿದ್ದವು ಎಂಬ ಸುಳಿವು ಪ್ರೋಗ್ರಾಮಿಗೆ ಸಿಗುವ ಮಾರ್ಗವೇ ಇಲ್ಲ. ಕತ್ತರಿಸಿದ್ದು ಶೆಲ್, ಆದ್ದರಿಂದ ಪರಿಹಾರವೂ ಶೆಲ್ಲಿನ ನಿಯಮದಲ್ಲೇ ಇರಬೇಕು. ಲಿನಕ್ಸಿನ ಬ್ಯಾಶ್‌ನಲ್ಲಿ ಒಂಟಿ ಚಿಹ್ನೆಯೂ ಜೋಡಿ ಚಿಹ್ನೆಯೂ ನಡೆಯುತ್ತವೆ. ವಿಂಡೋಸಿನ ಸಿಎಂಡಿ ಕಿಟಕಿಯಲ್ಲಿ ಒಂಟಿ ಚಿಹ್ನೆಗೆ ಯಾವ ವಿಶೇಷ ಅರ್ಥವೂ ಇಲ್ಲವಾದ್ದರಿಂದ, ಸಿದ್ದಾಪುರದಲ್ಲಿ ನಿಮ್ಮ ಪ್ರೋಗ್ರಾಮಿಗೆ ತಲುಪಿದ್ದು ಮುಂದೆ ಚಿಹ್ನೆ ಅಂಟಿಕೊಂಡ ಕೆಂಪು ಮತ್ತು ಹಿಂದೆ ಚಿಹ್ನೆ ಅಂಟಿಕೊಂಡ ಗೋಟು. ಎರಡೂ ಕಡೆ ನಡೆಯುವ ಜೋಡಿ ಚಿಹ್ನೆಯನ್ನೇ ರೂಢಿಮಾಡಿಕೊಳ್ಳಿ:

    ಧಾರಣೆ ಪಟ್ಟಿ-03 --ಬಗೆ "ಕೆಂಪು ಗೋಟು"

ವಿಂಡೋಸಿನ ಬಗ್ಗೆ ಇನ್ನೊಂದು ಮಾತು. ಅಲ್ಲಿ ಪ್ರೋಗ್ರಾಮಿಗೆ ಹೋಗುವುದು ಇಡೀ ಸಾಲು, ಅದನ್ನು ತುಂಡು ಮಾಡುವ ಕೆಲಸ ಪ್ರೋಗ್ರಾಮಿನ ಜೊತೆಗೇ ಇದ್ದು ಅದನ್ನು ಓಡಿಸುವ ರನ್‌ಟೈಮಿನಲ್ಲಿ ನಡೆಯುತ್ತದೆ. ನಕ್ಷತ್ರ ಚಿಹ್ನೆಯನ್ನೂ ಸಿಎಂಡಿ ಬಿಡಿಸುವುದಿಲ್ಲ. ನೀವು ಮುಂದೆ ಎಲ್ಲ ತಿಂಗಳ ಕಡತಗಳನ್ನು ಒಟ್ಟಿಗೆ ಓದಿಸಲು ‘ಪಟ್ಟಿ-*’ ಎಂದು ಬರೆದರೆ, ಶಿರಸಿಯಲ್ಲಿ ನಡೆದದ್ದು ಸಿದ್ದಾಪುರದಲ್ಲಿ ನಡೆಯುವುದಿಲ್ಲ. ಆಗ ಪೈಥಾನಿನ ಗ್ಲಾಬ್ ಮಾಡ್ಯೂಲಿನಿಂದ ನೀವೇ ಬಿಡಿಸಿಕೊಳ್ಳಬೇಕಾಗುತ್ತದೆ.

ವಾಟ್ಸಾಪಿನ ತೊಡಕೂ ಈ ಜಾತಿಯದೇ. ಕೆಲವು ಫೋನುಗಳ ಕೀಲಿಮಣೆಗಳು, ವರ್ಡ್‌ನಂತಹ ಸಾಫ್ಟ್‌ವೇರುಗಳು ಎರಡು ಅಡ್ಡಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆಯನ್ನಾಗಿ ಮಾಡುತ್ತವೆ ಮತ್ತು ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿ ಬದಲಿಸುತ್ತವೆ. ಬಾಗಿದ ಚಿಹ್ನೆಯನ್ನು ಶೆಲ್ ಒಂದು ಸಾಮಾನ್ಯ ಅಕ್ಷರವೆಂದೇ ಎಣಿಸುತ್ತದೆ, ಉದ್ದ ಗೆರೆಯಿಂದ ಶುರುವಾಗುವ ತುಂಡನ್ನು ಆರ್ಗ್‌ಪಾರ್ಸ್ ಆಯ್ಕೆಯೆಂದು ಎಣಿಸುವುದಿಲ್ಲ. ಆಜ್ಞೆಯ ಸಾಲುಗಳನ್ನು ಸಂದೇಶವಾಗಿ ಕಳಿಸುವ ಬದಲು ಸಾದಾ ಪಠ್ಯದ ಕಡತದಲ್ಲಿ ಬರೆದು ಆ ಕಡತವನ್ನೇ ಕಳಿಸಿ.

ಇನ್ನು ಮೊದಲನೆಯದು ಮಾತ್ರ ನಿಜವಾಗಿಯೂ ವಿಂಗಡಣೆಯ ಪ್ರಶ್ನೆ. ಕೂಡು ಚಿಹ್ನೆ ಕೊಟ್ಟ ಆಯ್ಕೆಯು, ಮುಂದಿನ ಆಯ್ಕೆ ಸಿಗುವವರೆಗೆ ಎಷ್ಟು ತುಂಡುಗಳಿದ್ದರೆ ಅಷ್ಟನ್ನೂ ತನ್ನದೆಂದೇ ತೆಗೆದುಕೊಳ್ಳುತ್ತದೆ. ಪಟ್ಟಿ-03 ಎಂಬುದು ಅಡಿಕೆಯ ಬಗೆಯಲ್ಲ, ಕಡತ ಎಂದು ನಮಗೆ ಗೊತ್ತು, ಆರ್ಗ್‌ಪಾರ್ಸಿಗೆ ಹೇಗೆ ಗೊತ್ತಾಗಬೇಕು? ಕಡತವನ್ನು ಮೊದಲು ಬರೆದರೆ ತೊಡಕಿಲ್ಲ. ಇಲ್ಲವೇ ಆಯ್ಕೆಗಳು ಇಲ್ಲಿಗೆ ಮುಗಿದವು ಎಂದು ತಿಳಿಸುವ, ಬರೀ ಎರಡು ಅಡ್ಡಗೆರೆಗಳ ತುಂಡನ್ನು ನಡುವೆ ಇಡಬಹುದು:

    ಧಾರಣೆ --ಬಗೆ ರಾಶಿ ಚಾಲಿ -- ಪಟ್ಟಿ-03

ಇದು ಆರ್ಗ್‌ಪಾರ್ಸಿನ ಸ್ವಂತ ಹೂಟವಲ್ಲ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನಕದಲ್ಲಿ ಆಜ್ಞೆಗಳ ಬರವಣಿಗೆಗೆ ಹದಿನಾಲ್ಕು ಮಾರ್ಗಸೂಚಿಗಳಿವೆ, ಅವುಗಳಲ್ಲಿ ಹತ್ತನೆಯದು ಇದು. ಅಡ್ಡಗೆರೆಯಿಂದ ಶುರುವಾಗುವ ಹೆಸರಿನ ಕಡತವನ್ನು ಅಳಿಸಲು ಆರ್‌ಎಂ ಆಜ್ಞೆಯ ಜೊತೆ ಬಳಸುವುದೂ ಇದನ್ನೇ. ಅದೇ ಮಾರ್ಗಸೂಚಿಗಳು ಆಯ್ಕೆಗಳೆಲ್ಲ ಮುಂದೆ, ಆರ್ಗ್ಯುಮೆಂಟುಗಳೆಲ್ಲ ಹಿಂದೆ ಇರಬೇಕು ಎನ್ನುತ್ತವೆ. ಆದರೆ ಲಿನಕ್ಸಿನ ಅನೇಕ ಆಜ್ಞೆಗಳು ಆಯ್ಕೆಗಳನ್ನು ಓದಲು ಬಳಸುವ ಗ್ನೂ ಲೈಬ್ರರಿಯ ಗೆಟ್‌ಆಪ್ಟ್ ಅವೆರಡನ್ನೂ ಬೆರೆಸಿ ಬರೆದರೂ ಒಪ್ಪಿಕೊಂಡು ತಾನೇ ಸರಿಪಡಿಸಿಕೊಳ್ಳುವುದರಿಂದ, ಲಿನಕ್ಸ್ ಬಳಸುವವರಿಗೆ ಕ್ರಮದ ಕಡೆ ಗಮನವೇ ಇರುವುದಿಲ್ಲ.

ಹಾಗಿದ್ದರೂ ಶಾಖೆಯವರಿಗೆ ‘ನಡುವೆ ಎರಡು ಗೆರೆ ಹಾಕಿ’ ಎಂದು ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಆಯ್ಕೆ ಒಂದು ಸಲಕ್ಕೆ ಒಂದೇ ಬೆಲೆ ತೆಗೆದುಕೊಳ್ಳಲಿ, ಬೇಕಾದಷ್ಟು ಸಲ ಬರೆಯಲು ಅವಕಾಶವಿರಲಿ. ಆ ಆಯ್ಕೆಯ ‘ಆಕ್ಷನ್’ ಜಾಗದಲ್ಲಿ ಅಪೆಂಡ್ ಎಂದು ಕೊಟ್ಟರೆ ಇದು ಸಾಧ್ಯ:

    ಧಾರಣೆ --ಬಗೆ ರಾಶಿ --ಬಗೆ "ಕೆಂಪು ಗೋಟು" ಪಟ್ಟಿ-03

ಸ್ವಲ್ಪ ಹೆಚ್ಚು ಟೈಪ್ ಮಾಡಬೇಕು, ಆದರೆ ಎಲ್ಲಿ ಏನು ಮುಗಿಯಿತು ಎಂಬ ಗೊಂದಲಕ್ಕೆ ಎಡೆಯೇ ಇಲ್ಲ. ಅಪೆಂಡ್ ಬಳಸುವಾಗ ಡಿಫಾಲ್ಟ್ ಆಗಿ ರಾಶಿ, ಚಾಲಿ ಎಂಬ ಪಟ್ಟಿಯನ್ನು ಕೊಡಬೇಡಿ. ಬಳಸುವವರು ಬೆಟ್ಟೆ ಎಂದು ಬರೆದಾಗ ಅದು ಆ ಪಟ್ಟಿಯ ಬದಲಿಗೆ ಬರುವುದಿಲ್ಲ, ಆ ಪಟ್ಟಿಯ ಬಾಲಕ್ಕೆ ಸೇರಿಕೊಳ್ಳುತ್ತದೆ. ಡಿಫಾಲ್ಟನ್ನು ಖಾಲಿ ಬಿಟ್ಟು, ಏನೂ ಬಂದಿಲ್ಲವೆಂದರೆ ಎಲ್ಲ ಬಗೆಗಳನ್ನೂ ತೋರಿಸುವಂತೆ ಮುಂದೆ ಬರೆದುಕೊಳ್ಳಿ.

ಮರುಪ್ರಶ್ನೆ: ತೋಟದಂಚು, ಶಿರಸಿ

ಬಹಳ ಉಪಕಾರವಾಯಿತು. ಅಪೆಂಡ್ ವಿಧಾನಕ್ಕೆ ಬದಲಾಯಿಸಿದೆ, ಮೊದಲ ಎರಡೂ ತೊಡಕು ನಿವಾರಣೆಯಾದವು. ಪಟ್ಟಿಯನ್ನು ಮುದ್ರಿಸಿ ನೋಡುವ ಉಪಾಯದಿಂದ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಯಲ್ಲಾಪುರದ ಒಂದು ಯಂತ್ರದಲ್ಲಿ ಬಿಳೆಗೋಟು ಎಂದು ಕೊಟ್ಟರೆ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಬಿಳೆಗೋಟು ಎಂದೇ ಕಾಣುತ್ತದೆ, ಆದರೂ ಕಡತದಲ್ಲಿರುವ ಬಿಳೆಗೋಟಿಗೆ ಹೊಂದುವುದಿಲ್ಲ. ರಾಶಿ, ಚಾಲಿ, ಬೆಟ್ಟೆ ಇವಕ್ಕೆ ಈ ತೊಂದರೆ ಇಲ್ಲ. ಜೊತೆಗೆ, ಹಿಂದಿನ ವಾರಕ್ಕಿಂತ ಇಂತಿಷ್ಟು ಇಳಿದ ದಿನಗಳನ್ನು ಮಾತ್ರ ತೋರಿಸಲು ವ್ಯತ್ಯಾಸ ಎಂಬ ಆಯ್ಕೆ ಸೇರಿಸಿದ್ದೇನೆ. ಅದಕ್ಕೆ -500 ಎಂದು ಕೊಟ್ಟರೆ ನಡೆಯುತ್ತದೆ, -500ರೂ ಎಂದರೆ ಬೆಲೆಯೇ ಬಂದಿಲ್ಲ ಎನ್ನುತ್ತದೆ. ಅಡ್ಡಗೆರೆ ಎರಡರಲ್ಲೂ ಇದೆಯಲ್ಲ?

ಉತ್ತರ: ಅಘನಾಶಿನಿ, ಕುಮಟಾ

ಬಿಳೆಗೋಟಿನ ವಿಷಯ ಯುನಿಕೋಡಿಗೆ, ಅಂದರೆ ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪದ್ಧತಿಗೆ, ಸಂಬಂಧಿಸಿದ್ದು. ಕನ್ನಡದ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಗೋ. ಕೀಲಿಮಣೆಯ ಸಾಫ್ಟ್‌ವೇರ್ ಬದಲಾದರೆ, ಅಥವಾ ಪಠ್ಯ ಬೇರೆ ಎಲ್ಲಿಂದಲೋ ನಕಲಾಗಿ ಬಂದರೆ, ಒಳಗಿನ ಸಂಕೇತಗಳೂ ಬೇರೆಯಾಗುವ ಸಾಧ್ಯತೆಯಿದೆ. ಆ ಯಂತ್ರದಲ್ಲಿ ಕೊಟ್ಟ ಪದದ ಉದ್ದವನ್ನು ಲೆನ್ ಫಂಕ್ಷನ್ನಿನಿಂದ ನೋಡಿ. ಒಂದೇ ಸಂಕೇತದ ಓಕಾರವಿದ್ದರೆ ಬಿಳೆಗೋಟು ಎಂಬುದರ ಉದ್ದ 8 ಬರುತ್ತದೆ, ಬಿಡಿಸಿ ಬರೆದ ಓಕಾರವಿದ್ದರೆ 10. ರಾಶಿ, ಚಾಲಿ, ಬೆಟ್ಟೆಗಳಲ್ಲಿ ಹೀಗೆ ಬಿಡಿಯಾಗುವ ಸ್ವರಚಿಹ್ನೆಗಳು ಇಲ್ಲದಿರುವುದರಿಂದ ಅವು ಪಾರಾಗಿವೆ.

ಪರಿಹಾರ ಒಂದು ಸಾಲಿನದು. ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಫಂಕ್ಷನ್ನಿಗೆ ಎನ್ಎಫ್‌ಸಿ ಎಂಬ, ಬಿಡಿ ಸಂಕೇತಗಳನ್ನು ಒಂದಾಗಿಸುವ ರೂಪವನ್ನು ಹೇಳಿ, ಮೊದಲ ತುಂಡಾದ ಪ್ರೋಗ್ರಾಮಿನ ಹೆಸರನ್ನು ಬಿಟ್ಟು ಸಿಸ್.ಆರ್ಗ್‌ವಿಯ ಪ್ರತಿಯೊಂದು ತುಂಡನ್ನೂ ಅದರ ಮೂಲಕ ಹಾಯಿಸಿ, ಆ ಹೊಸ ಪಟ್ಟಿಯನ್ನು ಆರ್ಗ್‌ಪಾರ್ಸಿನ ಪಾರ್ಸ್‌ಆರ್ಗ್ಸ್ ಫಂಕ್ಷನ್ನಿಗೆ ಕೊಡಿ. ಕಡತದಿಂದ ಓದಿದ ಹೆಸರುಗಳನ್ನೂ ಹಾಗೆಯೇ ಹಾಯಿಸಬೇಕು, ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ. ಎಚ್ಚರಿಕೆ ವಹಿಸಬೇಕಾದದ್ದು ಕಡತದ ಹೆಸರಿನ ವಿಷಯದಲ್ಲಿ ಮಾತ್ರ. ಲಿನಕ್ಸಿನಲ್ಲಿ ಡಿಸ್ಕಿನ ಮೇಲಿರುವ ಹೆಸರಿನ ಬೈಟುಗಳು ಹೇಗಿವೆಯೋ ಹಾಗೆಯೇ ಕೊಟ್ಟರೆ ಮಾತ್ರ ಕಡತ ತೆರೆಯುತ್ತದೆ, ಆದ್ದರಿಂದ ಬಿಡಿಸಿ ಬರೆದ ಹೆಸರಿನ ಕಡತವಿದ್ದರೆ ಅದನ್ನು ತಿದ್ದದೆ ಬಿಡುವುದೇ ಕ್ಷೇಮ. ಈ ಕಾರಣಕ್ಕೆ ನಾನು ಇಡೀ ಪಟ್ಟಿಯನ್ನು ಹಾಯಿಸುವ ಬದಲು, ಬಗೆ ಎಂಬ ಆಯ್ಕೆಯ ‘ಟೈಪ್’ ಜಾಗದಲ್ಲಿ ಈ ಕೆಲಸ ಮಾಡುವ ಒಂದು ಸಣ್ಣ ಫಂಕ್ಷನ್ನನ್ನು ಇಡುವುದನ್ನೇ ಇಷ್ಟಪಡುತ್ತೇನೆ.

ಎನ್ಎಫ್‌ಸಿಯಿಂದಲೂ ಹೋಗದ ಇನ್ನೊಂದು ಇದೆ. ಅರ್ಧಾಕ್ಷರದ ಮುಂದೆ ಒತ್ತು ಮೂಡದಿರಲೆಂದು ನಾವು ಬಳಸುವ, ಅಗಲವೇ ಇಲ್ಲದ ಕಾಣದ ಸಂಕೇತ. ಇದು ಆಯ್ಕೆಯ ಹೆಸರಿನಲ್ಲಿ ಸೇರಿಕೊಂಡರೆ ಒಬ್ಬರು ಅದನ್ನು ಹಾಕಿ ಬರೆಯುತ್ತಾರೆ, ಮತ್ತೊಬ್ಬರು ಹಾಕದೆ ಬರೆಯುತ್ತಾರೆ, ಆರ್ಗ್‌ಪಾರ್ಸಿಗೆ ಅವು ಎರಡು ಬೇರೆ ಹೆಸರುಗಳು. ಪಟ್ಟಿಯನ್ನು ಹಾಗೆಯೇ ಮುದ್ರಿಸಿದಾಗ ಪೈಥಾನ್ ಈ ಸಂಕೇತವನ್ನು ಬ್ಯಾಕ್‌ಸ್ಲ್ಯಾಷ್ ಸಹಿತ ಅದರ ಸಂಖ್ಯೆಯಾಗಿ ತೋರಿಸುವುದರಿಂದ ಪತ್ತೆ ಹಚ್ಚುವುದು ಕಷ್ಟವಲ್ಲ. ಆದರೂ ಬಗೆ, ಊರು, ಇಂದ, ವರೆಗೆ ಇಂತಹ, ಅರ್ಧಾಕ್ಷರದ ಗೊಡವೆಯಿಲ್ಲದ ಪದಗಳನ್ನೇ ಆಯ್ಕೆಗಳಿಗೆ ಆರಿಸಿಕೊಳ್ಳುವುದು ಮೇಲು.

ಒಂದೇ ಅಡ್ಡಗೆರೆಯ ಗಿಡ್ಡ ಆಯ್ಕೆಗಳನ್ನು ಕನ್ನಡದಲ್ಲಿ ಇಡಲೇಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಗೆಗೆ ಗಿಡ್ಡ ರೂಪವಾಗಿ -ಬ ಎಂದು ಇಟ್ಟಿದ್ದೀರಿ ಎಂದುಕೊಳ್ಳಿ. ಯಾರಾದರೂ ಬೆರಳು ತಪ್ಪಿ -ಬಿ ಎಂದು ಬರೆದರೆ ಆಯ್ಕೆ ತಪ್ಪಾಗಿದೆ ಎಂಬ ಎರರ್ ಬರುವುದಿಲ್ಲ. ನಮ್ಮ ಕಣ್ಣಿಗೆ ಬಿ ಒಂದು ಅಕ್ಷರ, ಆರ್ಗ್‌ಪಾರ್ಸಿಗೆ ಅದು ಬ ಮತ್ತು ಗುಡಿಸು ಎಂಬ ಎರಡು ಸಂಕೇತ. ಗಿಡ್ಡ ಆಯ್ಕೆಗೆ ಅಂಟಿಸಿ ಬರೆದದ್ದನ್ನು ಆ ಆಯ್ಕೆಯ ಬೆಲೆಯೆಂದು ತೆಗೆದುಕೊಳ್ಳುವುದು ಹಳೆಯ ಪದ್ಧತಿಯಾದ್ದರಿಂದ, ಗುಡಿಸು ಎಂಬ ಹೆಸರಿನ ಅಡಿಕೆಯನ್ನು ನಿಮ್ಮ ಪ್ರೋಗ್ರಾಮು ಶ್ರದ್ಧೆಯಿಂದ ಹುಡುಕಲು ಹೊರಡುತ್ತದೆ! ‘ಚಾಯ್ಸಸ್’ ಜಾಗದಲ್ಲಿ ಒಪ್ಪಬಹುದಾದ ಬಗೆಗಳ ಪಟ್ಟಿಯನ್ನು ಕೊಟ್ಟಿದ್ದರೆ ಇಂತಹವು ಅಲ್ಲಿಯೇ ಸಿಕ್ಕಿಬೀಳುತ್ತವೆ. ಹೇಗೂ ನಿಮ್ಮ ಬಗೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅದನ್ನು ಕೊಡಿ.

-500ರೂ ವಿಷಯ. ಅಡ್ಡಗೆರೆಯಿಂದ ಶುರುವಾಗುವ ತುಂಡನ್ನು ಆರ್ಗ್‌ಪಾರ್ಸ್ ಸಾಮಾನ್ಯವಾಗಿ ಆಯ್ಕೆಯೆಂದೇ ಶಂಕಿಸುತ್ತದೆ. ಆದರೆ ಅದು ನೋಡಲು ಋಣ ಸಂಖ್ಯೆಯಂತಿದ್ದು, ನೀವು ಸಂಖ್ಯೆಯಂತೆ ಕಾಣುವ ಹೆಸರಿನ ಆಯ್ಕೆಯನ್ನು ಇಟ್ಟಿಲ್ಲದಿದ್ದರೆ, ಬೆಲೆಯೆಂದು ಒಪ್ಪಿಕೊಳ್ಳುತ್ತದೆ. ರೂ ಸೇರಿದ ಕೂಡಲೆ ಅದು ಸಂಖ್ಯೆಯಾಗಿ ಉಳಿಯುವುದಿಲ್ಲ. ಸಮ ಚಿಹ್ನೆ ಹಾಕಿ ಅಂಟಿಸಿ ಬರೆದರೆ ಶಂಕೆಗೆ ಆಸ್ಪದವಿಲ್ಲ:

    ಧಾರಣೆ --ವ್ಯತ್ಯಾಸ=-500ರೂ ಪಟ್ಟಿ-03

ಆಮೇಲೆ ರೂ ಎಂಬುದನ್ನು ಕಳಚಿ ಸಂಖ್ಯೆ ಮಾಡುವುದು ನಿಮ್ಮ ಟೈಪ್ ಫಂಕ್ಷನ್ನಿನ ಕೆಲಸ. ಅಲ್ಲಿ ಎರಡು ಸಂಗತಿ ನೆನಪಿಡಿ. ಪೈಥಾನಿನ ಇಂಟ್ ಫಂಕ್ಷನ್ ಕನ್ನಡದ ಅಂಕಿಗಳನ್ನೂ ಓದುತ್ತದೆ, ೪೮೦೦೦ ಎಂದು ಕೊಟ್ಟರೂ 48000 ಎಂದೇ ತಿಳಿಯುತ್ತದೆ, -೫೦೦ ಕೂಡ ನಡೆಯುತ್ತದೆ. ಆದರೆ 48,000 ಎಂದು ಅಲ್ಪವಿರಾಮ ಹಾಕಿದರೆ ಒಪ್ಪುವುದಿಲ್ಲ, ವಖಾರಿಯಲ್ಲಿ ಅಲ್ಪವಿರಾಮವಿಲ್ಲದೆ ಮೊತ್ತ ಬರೆಯುವವರು ಅಪರೂಪವಾದ್ದರಿಂದ ಅದನ್ನು ಮೊದಲೇ ತೆಗೆದುಹಾಕಿ. ಆ ಫಂಕ್ಷನ್ನಿನೊಳಗೆ ಮೌಲ್ಯ ಸರಿಯಿಲ್ಲವೆನಿಸಿದರೆ ವ್ಯಾಲ್ಯೂಎರರ್ ಎಸೆಯಬೇಡಿ, ಆರ್ಗ್‌ಪಾರ್ಸಿನದೇ ಆದ ಆರ್ಗ್ಯುಮೆಂಟ್‌ಟೈಪ್‌ಎರರ್ ಎಸೆಯಿರಿ. ಮೊದಲನೆಯದಕ್ಕೆ ಅದು ತನ್ನದೇ ಇಂಗ್ಲಿಷ್ ಸಾಲನ್ನು ಹೇಳುತ್ತದೆ, ಎರಡನೆಯದರಲ್ಲಿ ನೀವು ಬರೆದ ಕನ್ನಡದ ಸಾಲನ್ನೇ ತೋರಿಸುತ್ತದೆ.

ಉತ್ತರ: ಘಟ್ಟದ ಮೇಲೆ, ಯಲ್ಲಾಪುರ

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ ಇದೆ, ಆದರೆ ಒಂದು ವಿಷಯದಲ್ಲಿ ನನ್ನ ಮತ ಬೇರೆ. ಆಯ್ಕೆಗಳ ಹೆಸರನ್ನು ಕನ್ನಡದಲ್ಲಿ ಇಡುವುದರಿಂದ ಶಾಖೆಯವರಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು ಎಂದು ನನಗನಿಸುತ್ತದೆ. ಆಜ್ಞೆ ಬರೆಯುವವರು ಕಡತಗಳ ನಡುವೆ ಓಡಾಡಲು, ಪಟ್ಟಿ ನೋಡಲು ಇಂಗ್ಲಿಷ್ ಅಕ್ಷರಗಳನ್ನು ಬಳಸಲೇಬೇಕು. ಒಂದೇ ಸಾಲಿನಲ್ಲಿ ಕೀಲಿಮಣೆಯನ್ನು ಮೂರು ನಾಲ್ಕು ಸಲ ಬದಲಾಯಿಸುತ್ತಾ ಕೂರುವುದು ಬೇಸರದ ಕೆಲಸ. ಟರ್ಮಿನಲ್ಲುಗಳು ಅಕ್ಷರಗಳನ್ನು ಸಮ ಅಗಲದ ಮನೆಗಳಲ್ಲಿ ಕೂರಿಸುವುದರಿಂದ, ಅನೇಕ ಕಡೆ ಒತ್ತಕ್ಷರಗಳು ಚದುರಿ ಕಾಣುತ್ತವೆ. ಆರ್ಗ್‌ಪಾರ್ಸಿನ ಸಹಾಯ ಪಠ್ಯವೂ ಅಗಲವನ್ನು ಲೆನ್‌ನಿಂದಲೇ ಅಳೆಯುವ ಕಾರಣ ಕನ್ನಡದ ಆಯ್ಕೆಗಳ ಮುಂದಿನ ವಿವರಣೆಯ ಕಂಬಸಾಲು ಓರೆಯಾಗುತ್ತದೆ. ಆಯ್ಕೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಬೆಲೆಗಳು ಮತ್ತು ವಿವರಣೆಗಳು ಕನ್ನಡದಲ್ಲಿರಲಿ.

ಅದಕ್ಕಿಂತ ಮುಖ್ಯವಾಗಿ, ಶಾಖೆಯವರು ಪ್ರತಿದಿನ ಬದಲಾಯಿಸದ ಸಂಗತಿಗಳನ್ನು ಆಯ್ಕೆಯನ್ನಾಗಿ ಮಾಡಬೇಡಿ. ಊರು ಯಾವುದು, ಕಡತಗಳು ಎಲ್ಲಿವೆ ಎಂಬುದು ಸಿದ್ದಾಪುರದ ಯಂತ್ರಕ್ಕೆ ಯಾವತ್ತೂ ಒಂದೇ. ಅವನ್ನು ಒಂದು ಸೆಟ್ಟಿಂಗ್ಸ್ ಕಡತದಲ್ಲಿ ಇಟ್ಟು, ಕಮಾಂಡ್ ಲೈನಿನಲ್ಲಿ ಬರೆದರೆ ಮಾತ್ರ ಅದು ಗೆಲ್ಲುವಂತೆ ಮಾಡಿ. ಕಮಾಂಡ್ ಲೈನ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎನ್ವಿರಾನ್ಮೆಂಟ್ ವೇರಿಯಬಲ್, ಅದರ ಕೆಳಗೆ ಸೆಟ್ಟಿಂಗ್ಸ್ ಕಡತ, ಕೊನೆಗೆ ಪ್ರೋಗ್ರಾಮಿನ ಡಿಫಾಲ್ಟ್ ಎಂಬ ಕ್ರಮ ಎಲ್ಲೆಡೆ ರೂಢಿಯಲ್ಲಿದೆ. ಮುಂದೆಂದಾದರೂ ವರದಿಯನ್ನು ಮೇಲ್ ಮಾಡುವ ಸೌಲಭ್ಯ ಸೇರಿಸಿದರೆ, ಪಾಸ್‌ವರ್ಡನ್ನು ಮಾತ್ರ ಆಯ್ಕೆಯಾಗಿ ಕೇಳಬೇಡಿ. ಓಡುತ್ತಿರುವ ಪ್ರೋಗ್ರಾಮಿನ ಪೂರ್ತಿ ಸಾಲು ಪಿಎಸ್ ಆಜ್ಞೆಯಲ್ಲಿ ಆ ಯಂತ್ರದ ಬೇರೆ ಬಳಕೆದಾರರಿಗೂ ಕಾಣಬಹುದು, ಶೆಲ್ಲಿನ ಹಿಸ್ಟರಿಯಲ್ಲೂ ಉಳಿಯುತ್ತದೆ.

ಕ್ರಾನ್‌ನಲ್ಲಿ ಇಟ್ಟು ರಾತ್ರಿ ತಾನಾಗಿ ಓಡಿಸುವ ವಿಚಾರವಿದ್ದರೆ ಇನ್ನೆರಡು ಮಾತು. ಆರ್ಗ್‌ಪಾರ್ಸ್ ಉದ್ದ ಆಯ್ಕೆಯ ಮೊದಲ ಭಾಗವನ್ನಷ್ಟೇ ಬರೆದರೂ, ಅದು ಬೇರೆ ಆಯ್ಕೆಗೆ ಹೊಂದದಿದ್ದರೆ, ಒಪ್ಪಿಕೊಳ್ಳುತ್ತದೆ. ಇಂದು --ಬ ಎಂದು ಗಿಡ್ಡ ಮಾಡಿ ಬರೆದ ಸಾಲು, ನಾಳೆ ನೀವು ಬಾಕಿ ಎಂಬ ಆಯ್ಕೆ ಸೇರಿಸಿದ ದಿನ ಕೆಡುತ್ತದೆ. ಅಲೋ ಅಬ್ರೆವ್ ಎಂಬ ಸೌಲಭ್ಯವನ್ನು ಮೊದಲೇ ಮುಚ್ಚಿಡಿ. ಆಯ್ಕೆಗಳಲ್ಲಿ ತಪ್ಪಿದ್ದರೆ ಆರ್ಗ್‌ಪಾರ್ಸ್ ತಪ್ಪಾಯಿತೆಂದು ತಿಳಿಸುವ ಎಕ್ಸಿಟ್ ಕೋಡ್ 2 ಕೊಟ್ಟು ನಿಲ್ಲುತ್ತದೆ, ಎರರ್ ಸಾಲು ಮಾಮೂಲಿ ಔಟ್‌ಪುಟ್‌ಗಿಂತ ಬೇರೆಯಾದ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ. ಧಾರಣೆಯ ಪಟ್ಟಿಯನ್ನು ಕಡತಕ್ಕೆ ತಿರುಗಿಸಿದ್ದರೆ ಅದರೊಳಗೆ ಎರರ್ ಸಾಲು ಬೆರೆಯುವುದಿಲ್ಲ.

ಪ್ರತಿಕ್ರಿಯೆ: ಅಘನಾಶಿನಿ, ಕುಮಟಾ

ಕಂಬಸಾಲು ಓರೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಕೀಲಿಮಣೆಯ ಮಾತನ್ನು ಒಪ್ಪಲಾರೆ. ಶಾಖೆಯವರು ಬಳಸುವುದು ಈ ಒಂದೇ ಆಜ್ಞೆಯನ್ನು. ಬಗೆಯ ಹೆಸರನ್ನು ಹೇಗೂ ಕನ್ನಡದಲ್ಲೇ ಬರೆಯಬೇಕಾದ್ದರಿಂದ, ಆಯ್ಕೆ ಇಂಗ್ಲಿಷಿನಲ್ಲಿದ್ದರೆ ಆಗಲೇ ಕೀಲಿಮಣೆ ಬದಲಾಯಿಸುವ ಕಷ್ಟ ಶುರುವಾಗುವುದು. ಒಂದೇ ಆಯ್ಕೆಗೆ ಎರಡು ಹೆಸರು ಕೊಡಲು ಆರ್ಗ್‌ಪಾರ್ಸಿನಲ್ಲಿ ಅಡ್ಡಿಯಿಲ್ಲವಲ್ಲ, ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ಒಟ್ಟಿಗೆ ಇಟ್ಟರಾಯಿತು. ಸಹಾಯ ಪಠ್ಯದ ತಲೆಬರಹಗಳು ಮತ್ತು ಎರರ್ ಎಂಬ ಪದ ಇಂಗ್ಲಿಷಿನಲ್ಲಿ ಬರುವುದು ಇಷ್ಟವಿಲ್ಲದಿದ್ದರೆ, ಅವು ಅನುವಾದಕ್ಕೆಂದೇ ಇರುವ ಗೆಟ್‌ಟೆಕ್ಸ್ಟ್ ಮೂಲಕವೇ ಹಾದುಬರುವುದರಿಂದ ಕನ್ನಡದ ಅನುವಾದವನ್ನು ಜೋಡಿಸಬಹುದು. ಇನ್ನು, ವಿವರಣೆಯಲ್ಲಿ ದಲಾಲಿ ಶೇಕಡಾ ಎಂದು ಬರೆಯಲು ಶೇಕಡಾ ಚಿಹ್ನೆಯನ್ನು ಬಳಸಿದರೆ ಅದನ್ನು %% ಎಂದು ಎರಡು ಸಲ ಬರೆಯಿರಿ. ಒಂದೇ ಇದ್ದರೆ ಸಹಾಯ ಕೇಳಿದಾಗ ಪ್ರೋಗ್ರಾಮೇ ಮುಗ್ಗರಿಸುತ್ತದೆ.

ಮರುಪ್ರಶ್ನೆ: ತೋಟದಂಚು, ಶಿರಸಿ

ಎರಡೂ ಹೆಸರು ಇಡುವ ಸಲಹೆಯನ್ನು ಜಾರಿಗೆ ತಂದೆ. ಊರನ್ನು ಸೆಟ್ಟಿಂಗ್ಸ್ ಕಡತಕ್ಕೆ ಸಾಗಿಸಿದೆ. ಯಲ್ಲಾಪುರದ ಬಿಳೆಗೋಟಿನ ಉದ್ದ ನಿಜಕ್ಕೂ 10 ಇತ್ತು. ಕೊನೆಯದಾಗಿ ಒಂದು ಕೇಳುತ್ತೇನೆ. ಇಂದ ಮತ್ತು ವರೆಗೆ ಎಂಬ ಎರಡು ದಿನಾಂಕದ ಆಯ್ಕೆಗಳಿವೆ. ಕೊಟ್ಟರೆ ಎರಡನ್ನೂ ಕೊಡಬೇಕು, ಬಿಟ್ಟರೆ ಎರಡನ್ನೂ ಬಿಡಬೇಕು, ಮೊದಲನೆಯದು ಎರಡನೆಯದಕ್ಕಿಂತ ಮುಂಚಿನದಾಗಿರಬೇಕು. ಇದನ್ನು ಆರ್ಗ್‌ಪಾರ್ಸಿಗೆ ಹೇಗೆ ಹೇಳುವುದು? ನಮ್ಮಲ್ಲಿ ದಿನಾಂಕವನ್ನು 15-03-2024 ಎಂದು ಬರೆಯುವ ರೂಢಿ.

ಉತ್ತರ: ಕಡಲತಡಿ, ಕಾರವಾರ

ಅದನ್ನು ಆರ್ಗ್‌ಪಾರ್ಸಿಗೆ ಹೇಳಲು ಬರುವುದಿಲ್ಲ. ಎರಡರಲ್ಲಿ ಒಂದೇ ಇರಬೇಕು ಎನ್ನುವುದಕ್ಕೆ ಅದರಲ್ಲಿ ಗುಂಪಿನ ವ್ಯವಸ್ಥೆ ಇದೆ, ಎರಡೂ ಒಟ್ಟಿಗೆ ಇರಬೇಕು ಎನ್ನುವುದಕ್ಕೆ ಇಲ್ಲ. ಒಂದೊಂದು ದಿನಾಂಕವೂ ತನ್ನಷ್ಟಕ್ಕೆ ಸರಿಯಿದೆಯೇ ಎಂಬುದನ್ನು ಟೈಪ್ ಫಂಕ್ಷನ್ ನೋಡಲಿ, ಅವೆರಡರ ಸಂಬಂಧವನ್ನು ಪಾರ್ಸ್ ಮುಗಿದ ಮೇಲೆ ನೀವೇ ನೋಡಿ. ಟೈಪ್ ಜಾಗದಲ್ಲಿ ಡೇಟ್ ಕ್ಲಾಸಿನ ಫ್ರಂಐಎಸ್‌ಒಫಾರ್ಮ್ಯಾಟನ್ನು ನೇರವಾಗಿ ಇಟ್ಟರೆ ವರ್ಷ ಮೊದಲು ಬರುವ ರೂಪವನ್ನಷ್ಟೇ ಒಪ್ಪುತ್ತದೆ. ನಿಮ್ಮ ರೂಢಿಯಂತೆ ದಿನ, ತಿಂಗಳು, ವರ್ಷದ ಕ್ರಮವನ್ನು ಓದಲು ಎಸ್‌ಟಿಆರ್‌ಪಿಟೈಮ್ ಬಳಸುವ ಸ್ವಂತ ಫಂಕ್ಷನ್ ಬರೆಯಿರಿ. ಬೇರೆ ಬೇರೆ ರೂಪಗಳನ್ನು ಊಹಿಸಿ ಓದುವ ಜಾಣತನ ಬೇಡ, 05-03 ಎಂಬುದು ಮಾರ್ಚ್ ಐದೋ ಮೇ ಮೂರೋ ಎಂಬ ಗೊಂದಲದಲ್ಲಿ ಸರಾಸರಿಯ ಲೆಕ್ಕ ಸದ್ದಿಲ್ಲದೆ ಕೆಡುತ್ತದೆ.

ಪಾರ್ಸ್ ಮುಗಿದ ಮೇಲೆ, ಒಂದು ಮಾತ್ರ ಬಂದಿದ್ದರೆ ಅಥವಾ ಕ್ರಮ ತಲೆಕೆಳಗಾಗಿದ್ದರೆ, ಪ್ರಿಂಟ್ ಮಾಡಿ ಸಿಸ್.ಎಕ್ಸಿಟ್ ಕರೆಯುವ ಬದಲು ಪಾರ್ಸರಿನದೇ ಆದ ಎರರ್ ಫಂಕ್ಷನ್ನಿಗೆ ನಿಮ್ಮ ಸಂದೇಶವನ್ನು ಕೊಡಿ. ಆಗ ಬಳಕೆಯ ಸಾಲು, ಸಂದೇಶ, ಎಕ್ಸಿಟ್ ಕೋಡ್ 2 ಎಲ್ಲವೂ ಉಳಿದ ತಪ್ಪುಗಳ ಹಾಗೆಯೇ ಬರುತ್ತವೆ, ಬಳಸುವವರಿಗೆ ತಪ್ಪನ್ನು ಹಿಡಿದದ್ದು ಆರ್ಗ್‌ಪಾರ್ಸೋ ನೀವೋ ಎಂಬ ವ್ಯತ್ಯಾಸ ಕಾಣುವುದಿಲ್ಲ (ಬಳಕೆಯ ಸಾಲನ್ನು ಇಲ್ಲಿ ಬಿಟ್ಟಿದ್ದೇನೆ):

    ಧಾರಣೆ --ಇಂದ 15-03-2024 ಪಟ್ಟಿ-03
    ಧಾರಣೆ: error: --ಇಂದ ಕೊಟ್ಟ ಮೇಲೆ --ವರೆಗೆ ಕೂಡ ಕೊಡಬೇಕು

ಈ ಪರೀಕ್ಷೆಗಳನ್ನೆಲ್ಲ ಒಂದು ಫಂಕ್ಷನ್ನಿನೊಳಗೆ ಇಟ್ಟು, ಅದಕ್ಕೆ ತುಂಡುಗಳ ಪಟ್ಟಿಯನ್ನು ಹೊರಗಿನಿಂದ ಕೊಡುವಂತೆ ಬರೆಯಿರಿ. ಪಾರ್ಸ್‌ಆರ್ಗ್ಸ್‌ಗೆ ಪಟ್ಟಿ ಕೊಟ್ಟರೆ ಅದನ್ನು ಓದುತ್ತದೆ, ಕೊಡದಿದ್ದರೆ ಸಿಸ್.ಆರ್ಗ್‌ವಿಯನ್ನು ಓದುತ್ತದೆ. ಹಾಗೆ ಬರೆದುಕೊಂಡರೆ ಟರ್ಮಿನಲ್ಲಿಗೆ ಹೋಗದೆ, ಶೆಲ್ಲಿನ ಕತ್ತರಿ ನಡುವೆ ಬಾರದೆ, ಹತ್ತಾರು ಬಗೆಯ ಸಾಲುಗಳನ್ನು ಒಂದು ಟೆಸ್ಟ್ ಕಡತದಿಂದಲೇ ಓಡಿಸಿ ನೋಡಬಹುದು. ತಪ್ಪು ಸಾಲುಗಳನ್ನು ಪರೀಕ್ಷಿಸುವಾಗ ಆರ್ಗ್‌ಪಾರ್ಸ್ ಸಿಸ್ಟಮ್‌ಎಕ್ಸಿಟ್ ಎಸೆಯುತ್ತದೆ ಎಂಬುದು ಗಮನದಲ್ಲಿರಲಿ, ಅದನ್ನು ಹಿಡಿದು ಕೋಡ್ 2 ಇದೆಯೇ ಎಂದು ನೋಡಿದರೆ ಸಾಕು. ಬಿಳೆಗೋಟಿನ ಎರಡೂ ರೂಪಗಳನ್ನು ಆ ಟೆಸ್ಟ್ ಕಡತದಲ್ಲಿ ಮೊದಲಿಗೇ ಸೇರಿಸಿ, ಆದರೆ ಬಿಡಿಸಿ ಬರೆದ ರೂಪವನ್ನು ಕೀಲಿಮಣೆಯಿಂದ ಟೈಪ್ ಮಾಡಬೇಡಿ, ನಾರ್ಮಲೈಸ್ ಫಂಕ್ಷನ್ನಿಗೆ ಎನ್ಎಫ್‌ಡಿ (ಬಿಡಿಸಿ ಬರೆಯುವ ರೂಪ) ಎಂದು ಹೇಳಿ ಅದರಿಂದಲೇ ಪಡೆಯಿರಿ.